ತಲೆ ಕಾಣುತ್ತೆ, ತೆಗ್ಗು ಕಾಣಲ್ಲ

ಈಚೆಗೆ ಎಲ್ಲಕ್ಕೂ ಬುದ್ಧಿ ಬರ್ತಾ ಇದೆ. ಫೋನಿಗೆ ಬಂತು, ಟಿವಿಗೆ ಬಂತು, ಕೈಗಡಿಯಾರಕ್ಕೂ ಬಂತು. ಈಗ ಟ್ರಾಫಿಕ್ ಸಿಗ್ನಲ್ ಸರದಿ. ಬೆಂಗಳೂರಿನ ಎಷ್ಟೋ ಜಂಕ್ಷನ್‌ಗಳಲ್ಲಿ ಕ್ಯಾಮೆರಾ ನೋಡಿಕೊಂಡು, ಯಾವ ಕಡೆ ಗಾಡಿ ಜಾಸ್ತಿ ನಿಂತಿವೆಯೋ ಆ ಕಡೆಗೆ ಹೆಚ್ಚು ಹೊತ್ತು ಹಸಿರು ಕೊಡುವ ಸಿಗ್ನಲ್ ಇವೆ. ಬೆಂಗಳೂರಿಗೆ ಬಂದದ್ದು ನಮ್ಮ ಬಳ್ಳಾರಿಗೆ ಬರದೇ ಇರುತ್ತಾ? ಬಂದಾಗ ಏನೇನಾಗುತ್ತೆ ಅಂತ ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಗಾಬರಿ ಆಗೋದು ಬೇಡ.

ಉದ್ಘಾಟನೆ ರಾಯಲ್ ಸರ್ಕಲ್‌ನಲ್ಲೇ. ಬೋರ್ಡಿನ ಮೇಲೆ ಗಡಿಗಿ ಚೆನ್ನಪ್ಪ ವೃತ್ತ, ಟಂಟಂ ಆಟೊದವರ ಬಾಯಲ್ಲಿ ರಾಯಲ್ಲು. ಸುಗಮ ಸಂಚಾರದ ವ್ಯವಸ್ಥೆಗೆ ಟೇಪ್ ಕತ್ತರಿಸಬೇಕಲ್ಲ, ಅದಕ್ಕಾಗಿ ಬೆಳಿಗ್ಗೆಯಿಂದ ನಾಲ್ಕೂ ಕಡೆ ಸಂಚಾರ ಬಂದ್. ಕ್ಯಾಮೆರಾ ಕಣ್ಣು ಬಿಟ್ಟ ತಕ್ಷಣ ಅದಕ್ಕೆ ಕಾಣೋದು ಎದುರಿನ ಫ್ಲೆಕ್ಸು. ನಾಯಕರಿಗೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ಶುಭ ಕೋರುವವರ ಇಪ್ಪತ್ತೆಂಟು ಮುಖ. ಅದರ ಲೆಕ್ಕದಲ್ಲಿ ಒಂದೇ ಗಾಡಿ ಮೇಲೆ ಇಪ್ಪತ್ತೆಂಟು ಜನ, ಒಬ್ಬರಿಗೂ ಹೆಲ್ಮೆಟ್ ಇಲ್ಲ. ತಲೆಗೆ 500 ರೂಪಾಯಿಯಂತೆ ಲೆಕ್ಕ ಹಾಕಿ ಮೊದಲ ಚಲನ್ ಅಲ್ಲೇ ಹೊರಬೀಳುತ್ತೆ. ಯಾರ ಹೆಸರಿಗೆ ಅಂತ ನೋಡಿದವರು ಸುಮ್ನೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಆಮೇಲೆ ಏಪ್ರಿಲ್ ಬರುತ್ತೆ. ಈ ಸಿಗ್ನಲ್‌ಗಳು ಗಾಡಿ ಎಣಿಸೋದು ಸ್ಟಾಪ್ ಲೈನ್ ಹಿಂದೆ. ನಮ್ಮೂರಲ್ಲಿ ಆ ಬಿಳಿ ಗೆರೆ ಇರುವ ಕಡೆ ಬಹುತೇಕ ಅಳಿಸಿರುತ್ತೆ. ಇದ್ದರೂ ಮಧ್ಯಾಹ್ನ ಎರಡು ಗಂಟೆಗೆ ಆ ಬಿಸಿಲಲ್ಲಿ ಗೆರೆ ಹತ್ತಿರ ನಿಲ್ಲೋದು ಯಾರು? ಬೈಕಿನವರೆಲ್ಲ ಅಷ್ಟು ದೂರದಲ್ಲಿ ಬೇವಿನ ಮರದ ನೆರಳಿದ್ದರೆ ಅಲ್ಲೇ ಬ್ರೇಕ್ ಹಾಕುತ್ತಾರೆ. ಮುಂದಿನವನು ತಲೆಗೆ ಟವೆಲ್ ಹಾಕಿಕೊಂಡು, ಒಂದು ಕಾಲು ನೆಲಕ್ಕೆ ಊರಿ, ದೂರದಿಂದಲೇ ದೀಪದ ಮೇಲೆ ಕಣ್ಣಿಟ್ಟಿರುತ್ತಾನೆ. ಅವನ ಹಿಂದೆ ನಲವತ್ತು ಬೈಕು, ಜೀನ್ಸ್ ಪ್ಯಾಂಟಿನ ಗಂಟು ಹೇರಿಕೊಂಡ ಎರಡು ಟಂಟಂ, ಒಂದು ಶಾಲೆ ವ್ಯಾನು. ಕ್ಯಾಮೆರಾ ಗೆರೆ ಹತ್ತಿರ ನೋಡುತ್ತೆ. ಒಂದು ನಾಯಿ ಮಲಗಿದೆ, ಅಷ್ಟೇ. ಈ ಕಡೆ ಯಾರೂ ಇಲ್ಲ ಅಂದುಕೊಂಡು ಎದುರಿನವರಿಗೆ ಇನ್ನೊಂದು ನಿಮಿಷ ಹಸಿರು ಕೊಡುತ್ತೆ. ತಪ್ಪು ಕ್ಯಾಮೆರಾದ್ದಲ್ಲ. ನೆರಳು ಅಂದ್ರೆ ಏನು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಕೊನೆಗೆ ಪೊಲೀಸಪ್ಪನೇ ಸೀಟಿ ಊದಿಕೊಂಡು ರಸ್ತೆಗೆ ಇಳಿಯುತ್ತಾರೆ. 1868ರಲ್ಲಿ ಲಂಡನ್‌ನ ಪಾರ್ಲಿಮೆಂಟ್ ಹತ್ತಿರ ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ ನಿಲ್ಲಿಸಿದಾಗ ಅದರ ಗ್ಯಾಸ್ ದೀಪವನ್ನು ತಿರುಗಿಸುತ್ತಿದ್ದವನೂ ಪೊಲೀಸಿನವನೇ. ಮರು ತಿಂಗಳೇ ಅದು ಸಿಡಿದು ಅವನಿಗೆ ಗಾಯವಾಯಿತು. ಅಂದಿನಿಂದ ದೀಪ ಎಷ್ಟೋ ಸಲ ಬದಲಾಗಿದೆ. ಪಕ್ಕದಲ್ಲಿ ನಿಂತವರು ಮಾತ್ರ ಇನ್ನೂ ನಿಂತೇ ಇದ್ದಾರೆ.

ಊರು ಬಿಟ್ಟು ತೋರಣಗಲ್ಲು ಕಡೆ ಹೊರಟರೆ ಕಥೆ ಬೇರೆ. ಅಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿದರು ಅಂತ ಇಟ್ಟುಕೊಳ್ಳಿ. ಸಂಡೂರು ಕಡೆಯಿಂದ ಬರುವ ಅದಿರು ಲಾರಿಯ ಪ್ಲೇಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೆಂಪು ಧೂಳು. ‘ಕೆಎ 34’ ಅಂತಿದೆಯೋ, ‘ಶುಭ ಪ್ರಯಾಣ’ ಅಂತಿದೆಯೋ ದೇವರಿಗೇ ಗೊತ್ತು. ಹಿಂದಿನಿಂದ ನೀಟಾಗಿ ತೊಳೆದ ಸ್ಕೂಟರ್ ಬರುತ್ತೆ. ಅದರ ನಂಬರ್ ಫಳಫಳ. ಟಕ್ ಅಂತ ಫೋಟೋ. ಕ್ಯಾಮೆರಾದ ಮೂತಿಗೂ ಅದೇ ಧೂಳು ಮೆತ್ತುತ್ತೆ, ಅದನ್ನು ಒರೆಸೋಕೆ ಏಣಿ, ಬಕೆಟ್ ಹಿಡಿದು ಒಬ್ಬ ಹುಡುಗ ಬೇಕು. ಈ ಇಡೀ ಬುದ್ಧಿವಂತ ವ್ಯವಸ್ಥೆ ನಿಂತಿರೋದು ಅವನ ಒದ್ದೆ ಬಟ್ಟೆ ಮೇಲೆ. ಅವನಿಗೆ ಮೂರು ತಿಂಗಳ ಸಂಬಳ ಬಾಕಿ ಇರುತ್ತೆ. ಅದನ್ನು ಹೇಳೋಕೆ ಜ್ಯೋತಿಷಿ ಬೇಕಾಗಿಲ್ಲ.

ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ ಹೊತ್ತು ಹಿಂದೆ ದೀಪವೂ ಇಲ್ಲದೆ, ನಂಬರೂ ಇಲ್ಲದೆ ಬರುವ ಭತ್ತದ ಹುಲ್ಲಿನ ಟ್ರ್ಯಾಕ್ಟರ್ ಸುದ್ದಿಗೆ ನಾನು ಹೋಗೋದಿಲ್ಲ. ಅದು ಬಣವೆಯೋ ವಾಹನವೋ ಅಂತ ತೀರ್ಮಾನಿಸೋದರೊಳಗೆ ಕ್ಯಾಮೆರಾ ನಿವೃತ್ತಿ ಆಗಿರುತ್ತೆ.

ಹೆಲ್ಮೆಟ್ ಹಾಕಿ, ಅದರಲ್ಲಿ ಜಗಳ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರದ ವರದಿಯೇ ಹೇಳುತ್ತೆ. ಅತಿವೇಗಕ್ಕೆ ದೊಡ್ಡ ಪಾಲು. ರಸ್ತೆ ಗುಂಡಿಗೂ, ಅಂದ್ರೆ ನಮ್ಮ ಕಡೆಯ ತೆಗ್ಗಿಗೂ, ಆ ವರದಿಯಲ್ಲಿ ಒಂದು ಕಾಲಂ ಇದೆ. ನನ್ನ ತಕರಾರು ಆ ಕಾಲಂ ಬಗ್ಗೆ.

2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಆಯ್ತಲ್ಲ, ಹೆಲ್ಮೆಟ್ ದಂಡ 1000 ರೂಪಾಯಿಗೆ ಏರಿ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ತಿದ್ದುಪಡಿಯಲ್ಲಿ 198ಎ ಅಂತ ಇನ್ನೊಂದು ಸೆಕ್ಷನ್ ಬಂತು. ಅದು ಯಾರಿಗೂ ನೆನಪಿಲ್ಲ. ರಸ್ತೆ ಮಾಡುವವರು, ನೋಡಿಕೊಳ್ಳುವವರು ಸುರಕ್ಷತೆಯ ನಿಯಮ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಇಲಾಖೆಗಾಗಲಿ ಗುತ್ತಿಗೆದಾರರಿಗಾಗಲಿ 1 ಲಕ್ಷ ರೂಪಾಯಿವರೆಗೆ ದಂಡ. ವ್ಯತ್ಯಾಸ ಗಮನಿಸಿ. ನಮಗೆ ದಂಡ ಬೀಳೋಕೆ ನಾವು ಬೀಳಬೇಕಾಗಿಲ್ಲ. ಅವರಿಗೆ ದಂಡ ಬೀಳಬೇಕಾದರೆ ಮೊದಲು ನಾವು ಬೀಳಬೇಕು.

ನಮ್ಮ ನೋಟಿಸಿಗೆ ಗಡುವೂ ಇದೆ. ಕ್ಯಾಮೆರಾಗಳ ಬಗ್ಗೆ 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನಮಗೆ ನೋಟಿಸ್ ಕಳಿಸಬೇಕು. ತೆಗ್ಗಿಗೆ ಎಷ್ಟು ದಿನದೊಳಗೆ ಜಲ್ಲಿ ಬೀಳಬೇಕು ಅಂತ ಆ ನಿಯಮದಲ್ಲಿ ಹುಡುಕಬೇಡಿ. ಬೇಕಾದರೆ ರಿಯಾಯಿತಿ ಕೊಡುತ್ತಾರೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಬೆಲೆ ಅಂದಾಗ ಜನ ಆಷಾಢದ ಸೀರೆ ಸೇಲ್‌ಗೆ ನುಗ್ಗಿದ ಹಾಗೆ ನುಗ್ಗಿದರು.

ಗುಂಡಿ ಹುಡುಕೋದು ಯಂತ್ರಕ್ಕೆ ಕಷ್ಟ ಅಂದುಕೊಂಡರೆ ಅದೂ ಸುಳ್ಳು. ಫೋನಿನೊಳಗೆ ಕುಲುಕಾಟ ಅಳೆಯುವ ಸೆನ್ಸರ್ ಇದೆ, ರಸ್ತೆಯ ಕುಲುಕಾಟ ಲೆಕ್ಕ ಹಾಕಿ ಗುಂಡಿ ಎಲ್ಲಿದೆ ಅಂತ ಹೇಳೋಕೆ ಅದು ಸಾಕು. ನಾಗಪುರದಲ್ಲಿ 2021ರಿಂದ ಐರಾಸ್ತೆ ಅನ್ನೋ ಯೋಜನೆಯಲ್ಲಿ ನಗರ ಬಸ್‌ಗಳಿಗೆ ಕ್ಯಾಮೆರಾ ಕಟ್ಟಿ, ಎಲ್ಲೆಲ್ಲಿ ಡಿಕ್ಕಿ ಸ್ವಲ್ಪದರಲ್ಲಿ ತಪ್ಪಿತು ಅಂತ ಗುರುತು ಹಾಕುತ್ತಾ ಬಂದರು. ಜನ ಸತ್ತ ಮೇಲೆ ಆ ಜಾಗವನ್ನು ಬ್ಲ್ಯಾಕ್ ಸ್ಪಾಟ್ ಅಂತ ಕರೆಯೋದಕ್ಕಿಂತ, ಸಾಯೋ ಮೊದಲೇ ಹುಡುಕೋಣ ಅನ್ನೋ ಲೆಕ್ಕ. ಅಂದ್ರೆ ಯಂತ್ರಕ್ಕೆ ಕೆಳಗೂ ನೋಡೋಕೆ ಬರುತ್ತೆ. ಕಂಬದ ಮೇಲೆ ಕೂರಿಸಿ, ಕತ್ತು ನಮ್ಮ ತಲೆ ಕಡೆಗೇ ಬಿಗಿದು ಬೋಲ್ಟ್ ಹಾಕುವವರು ನಾವು.

ಇದನ್ನೆಲ್ಲ ಮೋತಿ ಸರ್ಕಲ್ ದಾಟುವಾಗ ಟಂಟಂ ಅಣ್ಣನಿಗೆ ವಿವರಿಸಿದೆ. ಅವರು ಎರಡು ತೆಗ್ಗು ತಪ್ಪಿಸಿ, ಮೂರನೆಯದಕ್ಕೆ ಗಾಡಿ ಇಳಿಸಿ, ನಿಧಾನಕ್ಕೆ ಮೇಲೆತ್ತಿದರು.

“ಸಾರ್, ಇದಕ್ಕೂ ಒಂದ್ ನಂಬರ್ ಪ್ಲೇಟ್ ಹಾಕ್ಸಿಬಿಡ್ರಿ. ಆವಾಗ ಕ್ಯಾಮ್ರಾಕ್ಕ ಕಾಣ್ತೈತಿ.”

ಹಾಕಿಸಬಹುದು. ಎಚ್‌ಎಸ್‌ಆರ್‌ಪಿ, ಅದೇ ಆ ಹೈ ಸೆಕ್ಯುರಿಟಿ ಪ್ಲೇಟೇ ಆಗಲಿ. ಕೊನೆಯ ದಿನಾಂಕ ಮುಂದೂಡುತ್ತಾ ಹೋಗೋದು ನಮಗೆ ಹೇಗೂ ಅಭ್ಯಾಸ ಇದೆ.