ತುರ್ತು ಬಾಗಿಲಿನ ಕೀಲಿ ರಜೆಯಲ್ಲಿದೆ

ಕಟ್ಟಡ ನಿಯಮ ಉಲ್ಲಂಘನೆಯ ನೋಟಿಸ್ ಬಂದಾಗ ಮೊದಲು ರಿಪೇರಿಯಾಗುವುದು ಫೈಲು. ಆಮೇಲೆ ಗೋಡೆಯ ಬಣ್ಣ. ಗಡುವಿನಲ್ಲಿ ಇನ್ನೂ ದಿನ ಉಳಿದಿದ್ದರೆ ಮೆಟ್ಟಿಲಿನ ಪಾಳಿ. ಹೊರದಾರಿ ಸರಿಯಿಲ್ಲ ಎಂದು ತಪಾಸಣೆಯವರು ಬರೆದರೆ ಹಸಿರು ಬೋರ್ಡೊಂದು ಏರುತ್ತದೆ: ಓಡುತ್ತಿರುವ ಮನುಷ್ಯ, ಪಕ್ಕದಲ್ಲಿ ಬಾಣ. ಬಾಣ ಹಿಡಿದು ಹೋದವರಿಗೆ ಸ್ಟೋರ್ ರೂಮ್ ಸಿಗುತ್ತದೆ. ಇರಲಿ, ಓಡುವವನ ಚಿತ್ರವಂತೂ ಚೆನ್ನಾಗಿದೆ.

ಬೀಗದ ಕಥೆ ಇನ್ನೂ ಸೊಗಸು. ತುರ್ತು ಬಾಗಿಲಿನ ಬೀಗ ತೆಗೆಯಿರಿ ಅಂದರೆ ಕೀಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ಹೊಡೆಸುತ್ತಾರೆ. ಗಾಜು ಒಡೆಯಲು ಸುತ್ತಿಗೆ, ಸುತ್ತಿಗೆ ಕಳುವಾಗದಂತೆ ಸರಪಳಿ, ಸರಪಳಿಗೆ ಮತ್ತೊಂದು ಬೀಗ. ಅದರ ಕೀಲಿ ಸೆಕ್ಯುರಿಟಿಯವನ ಬಳಿ, ಅವನು ರಜೆಯಲ್ಲಿ. ನಿಯಮ ಹೇಳುವುದು ಇಷ್ಟೇ: ಒಳಗಿದ್ದವರು ಕೀಲಿ, ಉಪಕರಣ, ವಿಶೇಷ ತಿಳಿವಳಿಕೆ ಯಾವುದೂ ಇಲ್ಲದೆ ಬಾಗಿಲು ತೆರೆಯುವಂತಿರಬೇಕು. ಅದಕ್ಕೇ ಪ್ಯಾನಿಕ್ ಬಾರ್ ಇರುವುದು. ಬಾಗಿಲಿನ ಅಗಲದ ಅರ್ಧದಷ್ಟಾದರೂ ಉದ್ದದ ಅಡ್ಡಪಟ್ಟಿ, ಸುಮಾರು 7 ಕೆ.ಜಿ. ಒತ್ತಡಕ್ಕೇ ಚಿಲಕ ಬಿಡಬೇಕು. ಕಳ್ಳರ ಭಯವಿದ್ದರೆ ಹೊರಗಡೆ ಹಿಡಿ ಇಡಬೇಡಿ, ಬಾಗಿಲು ತೆರೆದರೆ ಕೂಗುವ ಅಲಾರಂ ಹಾಕಿ. ಕಳ್ಳನನ್ನು ಹೊರಗಿಡಲು ಜನರನ್ನು ಒಳಗೆ ಕೂಡಿಹಾಕಲೇಬೇಕೆಂದೇನಿಲ್ಲ.

1883ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ 183 ಮಕ್ಕಳು ಮೆಟ್ಟಿಲ ಬುಡದ ಬಾಗಿಲ ಬಳಿ ಸತ್ತರು. ಒಮ್ಮೆಗೆ ಒಂದೇ ಮಗು ದಾಟುವಷ್ಟು ಸಂದಿ ಬಿಟ್ಟು ಆ ಬಾಗಿಲಿಗೆ ಅಗುಳಿ ಹಾಕಿದ್ದರು. ಒಳಗಿನಿಂದ ತಳ್ಳಿದರೆ ತೆರೆಯುವ ಅಗುಳಿಯನ್ನು ಕಂಡುಹಿಡಿಯಲು ಅದು ಪ್ರೇರಣೆಯಾಯಿತು. 1942ರಲ್ಲಿ ಬಾಸ್ಟನ್‌ನ ಕೊಕೊನಟ್ ಗ್ರೋವ್ ಕ್ಲಬ್ಬಿನಲ್ಲಿ 492 ಮಂದಿ ಸತ್ತಾಗ ಮುಂಬಾಗಿಲ ಸುತ್ತುಬಾಗಿಲು ಜನರಿಂದಲೇ ಜಾಮ್ ಆಗಿತ್ತು, ಇತರ ಕೆಲವು ಬಾಗಿಲುಗಳು ಭದ್ರವಾಗಿ ಮುಚ್ಚಿದ್ದವು. ನಮ್ಮ ಆಡಳಿತ ಮಂಡಳಿಗಳು ಮಾತ್ರ ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿವೆ.

ಒಳಕ್ಕೆ ತೆರೆಯುವ ಬಾಗಿಲನ್ನು ಹೊರಕ್ಕೆ ತಿರುಗಿಸಿ ಎಂಬ ಆದೇಶಕ್ಕೂ ಸುಲಭದ ಪರಿಹಾರವಿದೆ. ಕೀಲು ಬಿಚ್ಚಿ ಆಚೆ ಬದಿಗೆ ಜಡಿದರೆ ಆಯಿತು. ಬಾಗಿಲು ಈಗ ನೇರ ಮೆಟ್ಟಿಲ ಮೇಲೆಯೇ ತೆರೆದುಕೊಂಡು, ಇಳಿಯುತ್ತಿದ್ದವರ ಮೂಗಿಗೆ ಬಡಿಯುತ್ತದೆ. ಬಾಗಿಲಿನಾಚೆ ಮೊದಲು ಲ್ಯಾಂಡಿಂಗ್, ಅಂದರೆ ನಿಲ್ಲಲು ಸಮತಟ್ಟು ಜಾಗ, ಬೇಕು. ತೆರೆಯುತ್ತಿರುವಾಗ ಬಾಗಿಲು ದಾರಿಗೆ ಬೇಕಾದ ಅಗಲದ ಅರ್ಧಕ್ಕಿಂತ ಹೆಚ್ಚು ಕಬಳಿಸಬಾರದು. ಪೂರ್ತಿ ತೆರೆದು ನಿಂತಾಗ 178 ಮಿ.ಮೀ.ಗಿಂತ ಹೆಚ್ಚು ದಾರಿಗೆ ಚಾಚಿಕೊಳ್ಳಬಾರದು. ಇವು ಅಂತಾರಾಷ್ಟ್ರೀಯ ಕಟ್ಟಡ ಸಂಹಿತೆಯ ಅಂಕಿಗಳು. ಸ್ಥಳೀಯ ನಿಯಮ ಬೇರೆ ಹೇಳಿದರೆ ಅದೇ ಅಂತಿಮ.

ಇನ್ನು ಮೆಟ್ಟಿಲು. ನಿಜವಾದ ಪ್ರತಿಭೆ ಬೆಳಗುವುದು ಇಲ್ಲಿ. ಕಾಂಕ್ರೀಟ್ ಹಾಕುವಾಗ ಮೆಟ್ಟಿಲುಗಳೆಲ್ಲ ಸಮವಾಗಿಯೇ ಇರುತ್ತವೆ. ಆಮೇಲೆ ಮಹಡಿಗೆ ದಪ್ಪ ಗಾರೆ ಹಾಸಿ ಕಲ್ಲು ಕೂರಿಸುತ್ತಾರೆ, ಮೆಟ್ಟಿಲಿಗೆ ತೆಳ್ಳಗೆ ಬಳಿದು ಮುಗಿಸುತ್ತಾರೆ. ಹಾಗಾಗಿ ಮೊದಲನೆಯದೋ ಕೊನೆಯದೋ ಎತ್ತರ ತಪ್ಪುತ್ತದೆ. ಕಾಲು ಮೊದಲ ಎರಡು ಮೂರು ಹೆಜ್ಜೆಯಲ್ಲೇ ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ಕಣ್ಣನ್ನು ಕೇಳುವುದಿಲ್ಲ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವ ಈ ಎತ್ತರವೇ ರೈಸರ್. ಅದಕ್ಕೇ ಮೆಟ್ಟಿಲುಗಳ ಒಂದೇ ಸಾಲಿನಲ್ಲಿ ಅತಿ ಎತ್ತರದ ಮತ್ತು ಅತಿ ಗಿಡ್ಡ ರೈಸರ್‌ಗಳ ನಡುವೆ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು.

ಒಂದು ಲೆಕ್ಕ ನೋಡಿ. ಒಂದೇ ಸಾಲಿನ ಒಟ್ಟು ಎತ್ತರ 3060 ಮಿ.ಮೀ. ಹದಿನೇಳು ರೈಸರ್ 168ರಂತೆ ಬಂದಿವೆ, ಹದಿನೆಂಟನೆಯದು 204. ನೋಟಿಸ್ ಬಂತು. ಗುತ್ತಿಗೆದಾರ ಹದಿನೇಳನೆಯ ಮೆಟ್ಟಿಲ ಮೇಲೆ 18 ಮಿ.ಮೀ. ಕಲ್ಲು ಅಂಟಿಸಿದ. ಈಗ ಹದಿನೇಳನೆಯದೂ 186, ಹದಿನೆಂಟನೆಯದೂ 186. ಮೊದಲು ಎಡವಲು ಒಂದೇ ಜಾಗವಿತ್ತು, ಈಗ ಎರಡು. ಮೇಲಾಗಿ ಎರಡೂ ರೈಸರ್‌ಗಿರುವ 178 ಮಿ.ಮೀ.ನ ಗರಿಷ್ಠ ಮಿತಿ ದಾಟಿವೆ. ಬಿಲ್ಲಿನಲ್ಲಿ ‘ಮೆಟ್ಟಿಲು ಸಮೀಕರಣ’ ಅಂತ ಬರೆದಿರುತ್ತದೆ.

ಸರಿಯಾದ ದಾರಿಗೆ ಬೆವರು ಬೇಕು. ಕಲ್ಲು ಹಾಸಿ ಮುಗಿದ ಕೆಳಗಿನ ನೆಲದಿಂದ ಹಾಗೆಯೇ ಮುಗಿದ ಮೇಲಿನ ನೆಲಕ್ಕೆ ಅಳೆಯಿರಿ. 3060ನ್ನು 18ರಿಂದ ಭಾಗಿಸಿದರೆ 170. ಮೊದಲ ಮೆಟ್ಟಿಲನ್ನು 2 ಮಿ.ಮೀ. ಎತ್ತರಿಸಬೇಕು, ಎರಡನೆಯದನ್ನು 4, ಹೀಗೆ ಹದಿನೇಳನೆಯದನ್ನು 34. ಆಗ ಎಲ್ಲವೂ 170. ಹಳೆಯ ಕಲ್ಲಿನ ಮೇಲೆ 2 ಮಿ.ಮೀ. ಗಾರೆ ಬಳಿದರೆ ಹಪ್ಪಳದಂತೆ ಎದ್ದುಬರುತ್ತದೆ. ಕಲ್ಲು ಕಿತ್ತು, ಕೆಳಗಿನ ಗಾರೆಯ ದಪ್ಪ ಹೊಂದಿಸಿ ಮತ್ತೆ ಕೂರಿಸಬೇಕು. ಮೆಟ್ಟಿಲು ಏರಿದಷ್ಟೂ ತಲೆಯ ಮೇಲಿನ ಜಾಗ ತಗ್ಗುತ್ತದೆ, ಅದು 2032 ಮಿ.ಮೀ.ಗಿಂತ ಕಡಿಮೆಯಾಯಿತೋ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕಾಲಿನ ನೋಟಿಸ್ ಹೋಗಿ ತಲೆಯ ನೋಟಿಸ್ ಬರುತ್ತದೆ. ಹೊಸ ಕಲ್ಲು ಕನ್ನಡಿ ಪಾಲಿಶ್‌ನದಾಗಿರಬಾರದು ಅಂತ ಬೇರೆ ಹೇಳಬೇಕೆ? ಹೇಳಬೇಕು, ಏಕೆಂದರೆ ಅದನ್ನೇ ತರುತ್ತಾರೆ.

ಹ್ಯಾಂಡ್‌ರೇಲ್ ಕೇಳಿದರೆ ಅರ್ಧ ಅಡಿ ಅಗಲದ ಗ್ರಾನೈಟ್ ಹೊದಿಸಿದ ಕಟ್ಟೆ ತೋರಿಸುತ್ತಾರೆ. ಅದರ ಮೇಲೆ ಹೂಕುಂಡ ಇಡಬಹುದು, ಬೀಳುವವನು ಹಿಡಿಯಲಾರ. ಮುಷ್ಟಿಗೆ ಸಿಗಬೇಕಾದರೆ ದುಂಡು ಪೈಪಿನ ಹೊರವ್ಯಾಸ 32ರಿಂದ 51 ಮಿ.ಮೀ., ಗೋಡೆಯಿಂದ 38 ಮಿ.ಮೀ. ಸಂದಿ, ಮೆಟ್ಟಿಲಂಚಿನಿಂದ 865ರಿಂದ 965 ಮಿ.ಮೀ. ಎತ್ತರ.

ಮೆಟ್ಟಿಲ ಕೋಣೆಯ ಬೆಂಕಿ ತಡೆಯುವ ಬಾಗಿಲಿಗೆ, ಅದು ತಾನಾಗಿ ಮುಚ್ಚಿಕೊಳ್ಳಲೆಂದು, ದುಬಾರಿ ಕ್ಲೋಸರ್ ಹಾಕಿಸಿ, ಗಾಳಿಗಿರಲಿ ಎಂದು ಕೆಳಗೆ ಇಟ್ಟಿಗೆ ಇಡುವುದು ಎಲ್ಲ ಕಟ್ಟಡಗಳಲ್ಲೂ ನಡೆದುಬಂದ ಸಂಪ್ರದಾಯ. ಹೊಗೆಗೂ ಗಾಳಿ ಇಷ್ಟ. ಬಾಗಿಲು ತೆರೆದೇ ಇರಬೇಕೆಂದರೆ ಹೊಗೆ ಸಂವೇದಕಕ್ಕೆ ಜೋಡಿಸಿದ ಮ್ಯಾಗ್ನೆಟ್ ಬೇಕು; ಸಂವೇದಕ ಕೂಗಿದಾಗ ಅದು ಬಾಗಿಲನ್ನು ಬಿಟ್ಟುಕೊಡುತ್ತದೆ. ಇಟ್ಟಿಗೆಗೆ ಆ ಬುದ್ಧಿಯಿಲ್ಲ.

ಕೊನೆಗೆ ತುರ್ತು ದೀಪ. ವಿದ್ಯುತ್ ಹೋದ ಮೇಲೆ ಅದು 90 ನಿಮಿಷ ಉರಿಯಬೇಕು. ವರ್ಷಕ್ಕೊಮ್ಮೆ ಪೂರ್ತಿ 90 ನಿಮಿಷ ಉರಿಸಿ ನೋಡಬೇಕು. ಆದರೆ ಪರೀಕ್ಷೆ ಎಂದರೆ ಗುಂಡಿ ಒತ್ತಿ, ಮಿಂಚಿದೊಡನೆ ಬಿಟ್ಟು, ಫೋಟೋ ತೆಗೆಯುವುದು ಎಂದೇ ಎಲ್ಲರ ತಿಳಿವಳಿಕೆ. ಎಷ್ಟೋ ಬ್ಯಾಟರಿಗಳಿಗೆ ಅಷ್ಟೊತ್ತಿನ ಜೀವವಂತೂ ಇರುತ್ತದೆ. ಅನುಪಾಲನಾ ವರದಿಯಲ್ಲಿ ಸಾಲು ಹೀಗಿರುತ್ತದೆ: ದೀಪ ಉರಿಯಿತೇ? ಹೌದು. ಎಷ್ಟು ಹೊತ್ತು? ಅನ್ವಯಿಸುವುದಿಲ್ಲ.