ಪೊಟ್ಟಣದ ಮೆಣಸು

ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಟರ್ಕಿ ಕೋಳಿ. ಪೈ ಎಂಬ ಮಾಂಸದ ಕಡುಬಿನ ಮೇಲೆ ತಲೆ, ರೆಕ್ಕೆ, ಪುಕ್ಕ ಎಲ್ಲ ಸಿಕ್ಕಿಸಿಕೊಂಡು, ಕೊಕ್ಕಿನಲ್ಲಿ ಹೂ ಕಚ್ಚಿಕೊಂಡು ಮದುಮಗನ ಹಾಗೆ ಕೂತಿದೆ. ಹಾಲೆಂಡಿನ ಹಾರ್ಲೆಮ್ ಊರಿನಲ್ಲಿದ್ದ ಪೀಟರ್ ಕ್ಲಾಸ್ 1627ರಲ್ಲಿ ಬರೆದ ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲಿಟ್ಟ ವಸ್ತುಗಳ ಚಿತ್ರ, ಅದು. ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ನಾನು ನೋಡಿದ್ದು ಮೊಬೈಲಿನಲ್ಲಿ, ಸಾರು ಕುದಿಯುವಾಗ. ಈ ಕೋಳಿಯ ಮೂಲ ಅಮೆರಿಕ. ನಾವು ಟರ್ಕಿ ಅಂತೀವಿ. ಡಚ್ಚರು 'ಕಾಲ್ಕೂನ್' ಅಂತಾರೆ, ಅಂದರೆ ಕಲ್ಲಿಕೋಟೆಯದು! ಪಾಪ, ಅದರ ಊರಿನ ಹೆಸರು ಯಾರ ಬಾಯಲ್ಲೂ ಇಲ್ಲ.

ಆದರೆ ನನ್ನ ಕಣ್ಣು ನಿಂತಿದ್ದು ತಟ್ಟೆಗಳ ನಡುವಿನ ಒಂದು ಕಾಗದದ ಪೊಟ್ಟಣದ ಮೇಲೆ. ನಮ್ಮ ಕಡಲೆಕಾಯಿ ಪೊಟ್ಟಣದ್ದೇ ಆಕಾರ. ಒಳಗೆ ಕಾಳುಮೆಣಸು. ಸುತ್ತಿದ ಹಾಳೆ ಪಂಚಾಂಗದ್ದು. ವರ್ಷ ಮುಗಿದ ಮೇಲೆ ಪಂಚಾಂಗದ ಗತಿ ಎಲ್ಲಾ ಕಡೆ ಇಷ್ಟೇ ಅಲ್ವಾ?

ಆ ಕಾಲಕ್ಕೆ ಡಚ್ಚರಿಗೆ ಮೆಣಸು ಜಾಸ್ತಿ ಬರುತ್ತಿದ್ದುದು ಜಾವಾ, ಸುಮಾತ್ರಾ ದ್ವೀಪಗಳ ಕಡೆಯಿಂದ. ಹಾಗಾಗಿ ಇದು ನಮ್ಮ ಗೇರುಸೊಪ್ಪೆಯದೇ ಅಂತ ಸುಮ್ನೆ ಎದೆ ತಟ್ಟಿಕೊಳ್ಳುವುದಿಲ್ಲ. ಅಲ್ಲಿನ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಮೆಣಸು ಕೊಯ್ಯಲು ರಾಣಿ ಏಣಿ ಹತ್ತಿರಲಿಕ್ಕಿಲ್ಲ ಬಿಡಿ.

ನಮ್ಮನೆಯಲ್ಲಿ ಏಣಿ ಹತ್ತುತ್ತಿದ್ದವರು ಮಾವ. ಒಂಟಿ ಬಿದಿರಿನ ಏಣಿ. ಗಿಣ್ಣಿನಲ್ಲಿ ಉಳಿಸಿದ ಗೂಟದ ಮೇಲೆ ಹೆಬ್ಬೆರಳು ಊರಿ ನಿಲ್ಲಬೇಕು. ಒಂದು ಕೈ ಅಡಿಕೆ ಮರಕ್ಕೆ, ಒಂದು ಕೈ ಬಳ್ಳಿಗೆ. ಮೆಣಸಿನ ಗೊಂಚಲು ಒಂದೊಂದಾಗಿ ಕಿತ್ತು ಹೆಗಲ ಚೀಲಕ್ಕೆ ಹಾಕುತ್ತಿದ್ದರು. ಅಷ್ಟರಲ್ಲಿ ಚಗಳಿ ಇರುವೆ ಕುತ್ತಿಗೆಗೆ ಇಳಿಯುತ್ತಿತ್ತು. ತುರಿಸಿಕೊಳ್ಳಲು ಮೂರನೇ ಕೈ ಎಲ್ಲಿಂದ ತರೋದು? ಮೇಲಿಂದ ಬರುತ್ತಿದ್ದ ಬೈಗುಳ ಕೇಳಿ ನಾವು ಮಕ್ಕಳು ಕೆಳಗೆ ಬಿದ್ದು ಬಿದ್ದು ನಗುತ್ತಿದ್ದೆವು. ಆಮೇಲೆ ಕಾಲಲ್ಲಿ ತುಳಿದು ಕಾಳು ಬಿಡಿಸಿ, ಅಂಗಳದಲ್ಲಿ ನಾಲ್ಕೈದು ಬಿಸಿಲು ಒಣಗಿಸಬೇಕು. ಹಸಿರು ಕಾಳು ಮುದುಡಿ ಕಪ್ಪಾಗುತ್ತದೆ. ಮೂರು ಕೆಜಿ ಹಸಿ ಮೆಣಸು ಒಣಗಿ ಒಂದು ಕೆಜಿಯಷ್ಟಾಗುತ್ತದೆ. ಬಿದ್ದ ಕಾಳು ಹೆಕ್ಕುವ ಕೆಲಸ ನಮ್ಮದು. ಒಂದು ಕಾಳು ಉಳಿದರೂ ಅಜ್ಜಿಗೆ ಕಾಣುತ್ತಿತ್ತು.

ಇನ್ನು ಚಿತ್ರದಲ್ಲಿರುವ ಆ ಬಿಳಿ ಮೇಜುಬಟ್ಟೆ. ಹಾರ್ಲೆಮ್ ಆಗ ಲಿನನ್ ಬಟ್ಟೆ ಬಿಳಿ ಮಾಡುವುದಕ್ಕೆ ಹೆಸರಾದ ಊರು. ಕ್ಷಾರದ ನೀರಲ್ಲಿ ಬೇಯಿಸಿ, ಹುಲ್ಲಿನ ಮೇಲೆ ಹರಡಿ, ನೀರು ಚಿಮುಕಿಸಿ, ಕೊನೆಗೆ ಹುಳಿ ಮಜ್ಜಿಗೆಯಲ್ಲಿ ನೆನೆಸುತ್ತಿದ್ದರು. ಹೀಗೆ ತಿಂಗಳುಗಟ್ಟಲೆ. ಚಿತ್ರದಲ್ಲಿ ಆ ಬಿಳುಪು ತರುವ ಬಣ್ಣದ ಕತೆ ಇನ್ನೂ ವಿಚಿತ್ರ. ಸೀಸದ ಸುರುಳಿಯನ್ನು ವಿನೆಗರ್ ಇರುವ ಮಡಕೆಯಲ್ಲಿಟ್ಟು, ಸುತ್ತ ಕುದುರೆ ಲದ್ದಿ ಪೇರಿಸಿ ವಾರಗಟ್ಟಲೆ ಬಿಡಬೇಕು. ಸೀಸದ ಮೇಲೆ ಬಿಳಿ ಪದರ ಏಳುತ್ತದೆ. ಅದೇ ಬಣ್ಣ. ಅದು ವಿಷ. ಕೆರೆದು ಅರೆಯುವವರ ಮೈಗೇ ಸೇರುತ್ತಿತ್ತು. ಕೋಳಿಗಿಂತ ಆ ಬಟ್ಟೆಯ ಮಡಿಕೆಗಳೇ ಈಗ ನನಗೆ ಜಾಸ್ತಿ ಕಾಡುತ್ತವೆ.

ಇಷ್ಟೆಲ್ಲ ಇಟ್ಟ ಮೇಜಿನ ಹತ್ತಿರ ಒಬ್ಬರೂ ಇಲ್ಲ. ಮೆಣಸಿನ ಪೊಟ್ಟಣ ಬಾಯಿ ತೆರೆದುಕೊಂಡೇ ಬಿದ್ದಿದೆ. ಅಜ್ಜಿ ನೋಡಿದ್ದರೆ ಕೋಳಿಯನ್ನೂ ಕೇಳುತ್ತಿರಲಿಲ್ಲ, ಬೆಳ್ಳಿ ಕಟ್ಟಿದ ಶಂಖದ ಲೋಟವನ್ನೂ ಕೇಳುತ್ತಿರಲಿಲ್ಲ. "ಯಾರೋ ಅದು ಹಾಗೇ ಬಿಟ್ಟು ಹೋದೋರು? ಮೊದಲು ಮಡಚಿಡಿ, ತಂಡಿ ಹಿಡಿಯುತ್ತೆ" ಅಂತಿದ್ದರು.