ಒಂದು ಎಲ್ಲಿ ಹೋಯಿತು?

ನಿನ್ನೆ ಸಂಜೆ ಮೂರನೇ ಸಲ ಕಾಲು ಮೆಟ್ಟಿದ್ದಕ್ಕೆ ಹೆಂಡತಿ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದಲ್ಲ, ರುಂಬಾ ಡ್ಯಾನ್ಸಿನದ್ದು.

ಅಣ್ಣನ ಮಗಳ ರಿಸೆಪ್ಶನ್ನಿಗೆ ಎರಡು ಹೆಜ್ಜೆ ಕುಣಿಯೋಣ ಅಂತ ಬೆಂದೂರಿನ ಕಡೆ ಒಂದು ಲ್ಯಾಟಿನ್ ಬಾಲ್‌ರೂಮ್ ಕ್ಲಾಸಿಗೆ ಸೇರಿದ್ದೆವು. ಸೊಂಟ ಕುಣಿಸುವುದು ತಾನೇ, ಹುಲಿವೇಷದ ತಾಸೆ ಕೇಳಿದರೆ ಮಂಗಳೂರಿನಲ್ಲಿ ಯಾರ ಸೊಂಟ ಸುಮ್ನೆ ಇರುತ್ತದೆ ಹೇಳಿ? ಆದರೆ ಇಲ್ಲಿ ಸೊಂಟವನ್ನು ನಾವಾಗಿ ಕುಣಿಸಲೇ ಬಾರದಂತೆ. ಪಾದ ಒತ್ತಬೇಕು, ಮಂಡಿ ನೇರ ಮಾಡಬೇಕು, ಮೈಭಾರ ಪೂರ್ತಿ ಆ ಕಾಲಿಗೆ ಬಿಡಬೇಕು. ಆಗ ಸೊಂಟ ತಾನಾಗಿ ಪಕ್ಕಕ್ಕೆ ಹೋಗಿ ಕೂರುತ್ತದೆ. 20 ವರ್ಷ ಆಫೀಸ್ ಕುರ್ಚಿಯಲ್ಲಿ ಕೂತ ನನ್ನ ಸೊಂಟ ಎಲ್ಲಿಗೂ ಹೋಗುವುದಿಲ್ಲ.

ಇದಾದರೂ ಸಹಿಸಬಹುದು. ತಲೆ ಕೆಡಿಸಿದ್ದು ಮಾಸ್ಟ್ರ ಎಣಿಕೆ. ರುಂಬಾದಲ್ಲಿ ತಾಳದ ಪೆಟ್ಟು ನಾಲ್ಕು, ಹೆಜ್ಜೆ ಮೂರೇ. ಎರಡಕ್ಕೊಂದು, ಮೂರಕ್ಕೊಂದು, ನಾಲ್ಕಕ್ಕೊಂದು. ಒಂದಕ್ಕೆ ಹೆಜ್ಜೆ ಇಲ್ಲ, ಸೊಂಟ ಮಾತ್ರ ಇಳಿದು ಕೂರಬೇಕು. "ಎರಡು, ಮೂರು, ನಾಲ್ಕು" ಅಂತ ಹೇಳಿ ಮಾಸ್ಟ್ರು ಕಣ್ಣು ಮುಚ್ಚುತ್ತಾರೆ. ಬಾಯಿಯನ್ನೂ ಮುಚ್ಚುತ್ತಾರೆ. ಆ ಒಂದನ್ನು ಪಾಯಸದ ದ್ರಾಕ್ಷಿಯ ಹಾಗೆ ಒಳಗೊಳಗೇ ಚಪ್ಪರಿಸಿ, ಮತ್ತೆ ಎರಡಕ್ಕೆ ಕಣ್ಣು ಬಿಡುವಷ್ಟರಲ್ಲಿ ನಾನು ಹೆಂಡತಿಯ ಕಾಲ ಮೇಲೆ ಇರುತ್ತೇನೆ.

"ಒಂದು ಎಲ್ಲಿ ಸರ್?"

"ಅದು ಸೊಂಟಕ್ಕೆ ಮಾರಾಯ್ರೆ, ಕಾಲಿಗಲ್ಲ."

ಒಂದನೇ ಕ್ಲಾಸಿನಿಂದ ಒಂದರಿಂದಲೇ ಎಣಿಸಿದವನಿಗೆ ಹೀಗೆ ಹೇಳಿದರೆ ಎಂತ ಮಾಡುವುದು? ಚಾ ಚಾ ಚಾ ಅನ್ನುವ ಇನ್ನೊಂದು ಡ್ಯಾನ್ಸ್ ಆದರೂ ಸುಲಭವಾ ಅಂದರೆ, ಅದರಲ್ಲಿ ನಾಲ್ಕಕ್ಕೂ ಒಂದಕ್ಕೂ ನಡುವೆ ಇನ್ನೊಂದು ಹೆಜ್ಜೆ ತುರುಕಬೇಕು. ಬೇಡವೇ ಬೇಡ.

ಇವತ್ತು ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ನಿಂತುಕೊಂಡೇ ಗುಟ್ಟಾಗಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಜ್ಯೋತಿ ಸ್ಟಾಪಿನ ಹತ್ತಿರ ಬ್ರೇಕ್ ಬಿತ್ತು. ನನ್ನ ಸೊಂಟ ಜನ್ಮದಲ್ಲಿ ಮೊದಲ ಸಲ ತಾನಾಗಿ ಪಕ್ಕಕ್ಕೆ ಹೋಗಿ, ಸೀಟಿನಲ್ಲಿದ್ದ ಒಬ್ಬರ ಮಡಿಲಿನ ಬಂಗುಡೆ ಮೀನಿನ ಚೀಲದ ಮೇಲೆ ಕೂತಿತು. ಕಂಡಕ್ಟರ್ ಮಾತ್ರ ಎರಡೂ ಕೈಯಲ್ಲಿ ಚಿಲ್ಲರೆ ಎಣಿಸುತ್ತಾ, ಬಸ್ಸು ವಾಲುವ ಮೊದಲೇ ಭಾರ ಆಚೆ ಕಾಲಿಗೆ ಬಿಟ್ಟು, ಸೀಟಿಗೆ ಸೊಂಟ ಕೊಟ್ಟು ನಿಂತಿದ್ದ. ನನ್ನನ್ನು ನೋಡಿ ತುಳುವಿನಲ್ಲಿ "ಪಿರ ಪೋಲೆ" ಅಂದ, ಹಿಂದೆ ಹೋಗಿ ಅಂತ.

ಅಮ್ಮನೂ ಹೀಗೇ. ಬಾವಿಯಿಂದ ತುಂಬಿದ ಕೊಡಪಾನ ಸೊಂಟಕ್ಕೇರಿಸಿ ಮೆಟ್ಟಿಲು ಹತ್ತುವಾಗ, ಪ್ರತಿ ಮೆಟ್ಟಿಲಲ್ಲೂ ಒಂದು ಗಳಿಗೆ ತಡೆದು ಮುಂದಿನ ಕಾಲು ಇಡುತ್ತಿದ್ದಳು. ಒಂದು ಹನಿ ತುಳುಕುತ್ತಿರಲಿಲ್ಲ. ಆ ಬಾವಿ ಈಗ ಮುಚ್ಚಿದೆ.

ಸಂಜೆ ಮತ್ತೆ ಕ್ಲಾಸ್ ಉಂಟು. ಹೆಂಡತಿ ಸ್ಯಾಂಡಲ್ ಬದಿಗಿಟ್ಟು, ಒಂದೂ ಮಾತಾಡದೆ, ಮಗನ ಫುಟ್‌ಬಾಲ್ ಶೂ ಒರೆಸುತ್ತಿದ್ದಾಳೆ.